ಬೂದಿ ಬಟ್ಟಲು ಮುಟ್ಟದ ಕೈ

ನನ್ನ ಬೆರಳುಗಳು ಸೊಟ್ಟಗಾಗುತ್ತಿರುವುದು ಇಡೀ ಚಳ್ಳಕೆರೆಗೆ ಗೊತ್ತಾದರೂ ಚಿಂತೆಯಿಲ್ಲ, ಮೊಳಕಾಲ್ಮೂರಿನಲ್ಲಿರುವ ನಮ್ಮ ಅವ್ವನಿಗೆ ಮಾತ್ರ ಗೊತ್ತಾಗಬಾರದು ಎಂದು ನಾನು ಹಟ ಹಿಡಿದು ಕೆಲವು ವರ್ಷಗಳಾಗಿದ್ದವು. ಸಕ್ಕರೆ ಕಾಯಿಲೆಯನ್ನೋ ರಕ್ತದೊತ್ತಡವನ್ನೋ ಮುಚ್ಚಿಡುವುದು ಸುಲಭ. ಕೈಯನ್ನು ಎಲ್ಲಿ ಅಂತ ಮುಚ್ಚಿಡುವುದು? ಊಟಕ್ಕೆ ಕೂತರೆ ಕೈ, ಮಾತಾಡಿದರೆ ಕೈ, ಬಸ್ಸು ಹತ್ತಿ ಟಾಟಾ ಮಾಡಿದರೂ ಕೈಯೇ. ಆದರೂ ಮುಚ್ಚಿಟ್ಟೆ. ಸೆರಗಿತ್ತು, ಚಳಿಗಾಲಕ್ಕೆ ಶಾಲಿತ್ತು, ಮಿಕ್ಕಂತೆ ಅವ್ವನ ಎರಡೂ ಕಣ್ಣುಗಳಿಗೆ ಪೊರೆ ಬಂದಿತ್ತು. ತೆಗೆಸೋಣ ಎಂದರೆ ‘ನೋಡೋದೆಲ್ಲಾ ನೋಡಿದ್ದಾಗೈತೆ ಬಿಡ್ರಿ’ ಎಂದು ಆಸ್ಪತ್ರೆಗೆ ಬರಲು ಒಪ್ಪಿರಲಿಲ್ಲ. ಹೆತ್ತವಳ ಕಣ್ಣು ಮಂಜಾದದ್ದು ನನಗೆ ಅನುಕೂಲವಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೆ ಆಗಿದ್ದು ಹಾಗೆಯೇ.

ಇಷ್ಟೆಲ್ಲ ಕಳ್ಳಾಟ ಯಾಕೆ ಎಂದರೆ, ಅವ್ವ ತನ್ನ ಬದುಕಿನಲ್ಲಿ ಗೆದ್ದೆ ಅಂದುಕೊಂಡಿದ್ದು ಒಂದೇ ಒಂದು ವಿಷಯದಲ್ಲಿ. ಅದು ನನ್ನ ಕೈ.

ನಮ್ಮದು ಮಗ್ಗದ ಮನೆ. ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದ, ಈಗ ತಮ್ಮ ಅದೇ ಮಗ್ಗದಲ್ಲಿ ಕೂರುತ್ತಾನೆ. ನೇಯುವವನ ಹೆಸರು ಸೀರೆಯ ಜೊತೆ ಹೋಗುತ್ತದೆ. ನೇಯುವ ಮೊದಲು ನಡೆಯುವ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ, ಅದು ಹೆಂಗಸರದು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದೆಳೆಗಳು, ಮುಗಿಯುತ್ತಾ ಬಂದಾಗ ಅದನ್ನು ಪೂರ್ತಿ ಕಿತ್ತು ಹಾಕುವುದಿಲ್ಲ. ಹಣಿಗೆಯಂಥ ಅಚ್ಚಿನ ಹಿಂದೆ ಗೇಣಷ್ಟು ಹಳೆಯ ಎಳೆಗಳನ್ನು ಉಳಿಸಿಕೊಂಡು, ಒಂದೊಂದರ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಕೂಡಿಸುತ್ತಾರೆ. ಗಂಟು ಹಾಕುವಂತಿಲ್ಲ, ಹಾಕಿದರೆ ಅಚ್ಚಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬೆರಳ ತುದಿಗೆ ಚೂರು ಬೂದಿ ಮುಟ್ಟಿಸಿಕೊಂಡು, ಎರಡು ತುದಿಗಳನ್ನು ಜೋಡಿಸಿ ಹೊಸೆದು, ಹಿಂದಕ್ಕೆ ಮಡಚಿ ಮತ್ತೊಮ್ಮೆ ಹೊಸೆಯಬೇಕು. ಬೂದಿಯಿಲ್ಲದಿದ್ದರೆ ರೇಷ್ಮೆ ಜಾರುತ್ತದೆ. ಹೀಗೆ ಸಾವಿರಾರು ಎಳೆ. ಬೆನ್ನು ಬಗ್ಗಿಸಿ ಕೂತರೆ ಒಂದೇ ಜಾಗದಲ್ಲಿ ಹೊತ್ತು ಮುಳುಗುತ್ತದೆ.

ಅವ್ವ ಕೂಡಿಸಿದ ಎಳೆ ಬಿಟ್ಟಿತು ಎಂಬ ಮಾತೇ ನಮ್ಮ ಬೀದಿಯಲ್ಲಿರಲಿಲ್ಲ. ಬೇರೆ ಮನೆಗಳವರು ಬಂದು ಕರೆದುಕೊಂಡು ಹೋಗುತ್ತಿದ್ದರು. ಕಣ್ಣು ಒಂದು ಕಡೆ, ಮಾತು ಒಂದು ಕಡೆ, ಬೆರಳು ಮಾತ್ರ ತನ್ನ ಪಾಡಿಗೆ ಹೊಸೆಯುತ್ತಾ ಇರುತ್ತಿತ್ತು. ಅವಳ ಬಲಗಡೆ ಒಂದು ಸಣ್ಣ ಕಂಚಿನ ಬಟ್ಟಲು, ಅದರಲ್ಲಿ ಜರಡಿ ಹಿಡಿದ ಬೂದಿ. ನನಗೆ ಏಳೋ ಎಂಟೋ ವರ್ಷವಿದ್ದಾಗ ಅವ್ವನ ಹಾಗೆ ಕೂತು ಆ ಬಟ್ಟಲಿಗೆ ಬೆರಳು ಹಾಕಲು ಹೋದೆ. ಅವ್ವ ನನ್ನ ಕೈಗೆ ಛಟ್ ಎಂದು ಹೊಡೆದಳು. ಅವಳು ಹೊಡೆಯುವ ಪೈಕಿ ಅಲ್ಲ, ಹಾಗಾಗಿ ನೆನಪಿದೆ.

‘ಅಜ್ಜಿ ಬೆರಳು ನೋಡಿದೀಯಾ? ನೋಡು, ಸರಿಯಾಗಿ ನೋಡು. ನೂಲು ತಿಂದಿರೋದು ಅದು. ನಂದೂ ಹಂಗೇ ಆಗ್ತೈತೆ. ನೀನು ಇದನ್ನ ಮುಟ್ಟಂಗಿಲ್ಲ’ ಎಂದಳು.

ಅಜ್ಜಿ ಎಂದರೆ ಅವ್ವನ ಅವ್ವ, ನಮ್ಮ ಜೊತೆಯಲ್ಲೇ ಇದ್ದಳು. ಅವಳ ಬೆರಳುಗಳ ತುದಿಗಳು ಒಂದು ಆ ಕಡೆ, ಒಂದು ಈ ಕಡೆ ತಿರುಗಿಕೊಂಡಿದ್ದವು. ಎಲೆ ಅಡಿಕೆ ಹಾಕಿಕೊಳ್ಳಲು ಎಲೆಯನ್ನು ಎರಡು ಅಂಗೈಗಳ ನಡುವೆ ಹಿಡಿದು ಬಾಯಿಗೆ ಒಯ್ಯುತ್ತಿದ್ದಳು. ಅವಳೂ ಜೀವನವೆಲ್ಲ ಎಳೆ ಕೂಡಿಸಿದವಳೇ. ಹಾಗಾಗಿ ಅವ್ವನ ಲೆಕ್ಕ ತಪ್ಪು ಎಂದು ಯಾರು ಹೇಳಿಯಾರು? ಆಮೇಲೆ, ನನ್ನ ಮದುವೆಯಾಗಿ ಕೆಲವು ವರ್ಷಕ್ಕೆ, ಐವತ್ತರ ಸುಮಾರಿಗೆ ಅವ್ವನ ಬೆರಳಿನ ಗೆಣ್ಣುಗಳೂ ಕೆಂಪಾಗಿ ಊದಿಕೊಂಡವು. ನೋವಿನಲ್ಲೂ ಅವಳ ಮುಖದಲ್ಲಿ ತನ್ನ ಮಾತು ನಿಜವಾಯಿತೆಂಬ ಗತ್ತಿತ್ತು. ‘ನಾನು ಹೇಳಿರಲಿಲ್ವಾ?’ ಎಂದಳು.

ನಮ್ಮ ಬೀದಿಯ ಹುಡುಗಿಯರೆಲ್ಲ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಾ, ಎಳೆ ಕೂಡಿಸುತ್ತಾ ಬೆಳೆದರು. ನನ್ನ ಕೈಗೆ ಮಾತ್ರ ಪುಸ್ತಕ. ಮನೆಯಲ್ಲಿ ಕೆಲಸಕ್ಕೆ ಕೈ ಸಾಲದಿದ್ದಾಗಲೂ ನನ್ನನ್ನು ಮಗ್ಗದ ಕೋಣೆಗೆ ಬಿಡುತ್ತಿರಲಿಲ್ಲ. ಅಪ್ಪ ಗೊಣಗಿದರೆ ‘ಬೇಕಾದ್ರೆ ನಾನು ಎರಡು ಪಟ್ಟು ಕೂಡಿಸ್ತೀನಿ’ ಎನ್ನುತ್ತಿದ್ದಳು, ಕೂಡಿಸುತ್ತಲೂ ಇದ್ದಳು. ಓದಿ ಟೀಚರಾದೆ, ಚಳ್ಳಕೆರೆಯ ಹೈಸ್ಕೂಲಿನಲ್ಲಿ ಕನ್ನಡ ಪಾಠ. ಊರಿಗೆ ಹೋದಾಗಲೆಲ್ಲ ಅವ್ವನದು ಒಂದು ಪದ್ಧತಿಯೇ ಆಗಿಹೋಯಿತು: ಮನೆಗೆ ಬಂದ ಹೆಂಗಸರ ಮುಂದೆ ನನ್ನ ಕೈ ಹಿಡಿದೆತ್ತಿ, ಬೆರಳುಗಳನ್ನು ಬಿಡಿಸಿ ತೋರಿಸುವುದು. ‘ನೋಡ್ರೇ, ನೂಲು ಮುಟ್ಟದ ಕೈ ಹೆಂಗೈತೆ. ಸೀಮೆಸುಣ್ಣ ಹಿಡಿಯೋ ಕೈ ಇದು.’ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸಿದ ಹಾಗೆ. ಆ ಹೆಂಗಸರೂ ಮುಟ್ಟಿ ನೋಡುತ್ತಿದ್ದರು. ನನಗೆ ಮುಜುಗರವಾಗುತ್ತಿತ್ತು. ಒಳಗೊಳಗೆ ಹೊಟ್ಟೆಯುರಿಯೂ ಇತ್ತು, ಯಾಕೆಂದರೆ ಅವ್ವನ ಮಾತಿಗೆ ಬೀದಿಯಲ್ಲಿ ಬೆಲೆಯಿದ್ದದ್ದು ಆ ಒಂದು ವಿದ್ಯೆಯಿಂದ, ಅದನ್ನೇ ನನಗೆ ಕೊಟ್ಟಿರಲಿಲ್ಲ.

ಕೊಟ್ಟಿದ್ದು ಸೊಸೆಗೆ. ತಮ್ಮನ ಹೆಂಡತಿ ರಾಯದುರ್ಗದ ಕಡೆಯವಳು, ಮನೆಮಾತು ತೆಲುಗು, ನನ್ನನ್ನು ಈಗಲೂ ಅತ್ತಿಗೆ ಎನ್ನದೆ ‘ವದಿನಾ’ ಎಂದೇ ಕರೆಯುತ್ತಾಳೆ. ಮದುವೆಯಾಗಿ ಬಂದ ಹೊಸದರಲ್ಲೇ ಅವ್ವ ಅವಳನ್ನು ಬೂದಿ ಬಟ್ಟಲಿನ ಮುಂದೆ ಕೂರಿಸಿದಳು. ಮಗಳ ಬೆರಳು ಉಳಿಯಬೇಕು, ಸೊಸೆಯ ಬೆರಳು ಹೋದರೆ ಹೋಗಲಿ. ಆಗ ನನಗಿದು ಹೊಳೆಯಲಿಲ್ಲ. ಹೊಳೆದಿರಬೇಕಾದವಳಿಗೆ ಹೊಳೆದಿತ್ತು, ಆದರೆ ಅವಳು ಬಾಯಿ ಬಿಡುವವಳಲ್ಲ.

ನನಗೆ ಐವತ್ತು ದಾಟಿದ ಮೇಲೆ ಒಂದು ಬೆಳಿಗ್ಗೆ ಬಲಗೈಯ ತೋರುಬೆರಳಿನ ತುದಿಯ ಗೆಣ್ಣು ಕೆಂಪಗೆ ಊದಿಕೊಂಡಿತು. ಕಣಜ ಕಚ್ಚಿರಬೇಕು ಎಂದುಕೊಂಡು ಸುಣ್ಣ ಹಚ್ಚಿದೆ. ಕಣಜ ಹಾರಿಹೋಗಲಿಲ್ಲ, ಪಕ್ಕದ ಬೆರಳಿಗೆ ಬಂತು. ಆಮೇಲೆ ಕಿರುಬೆರಳು, ಆಮೇಲೆ ನಡುವಿನ ಗೆಣ್ಣುಗಳು, ಕೊನೆಗೆ ಹೆಬ್ಬೆರಳಿನ ಬುಡ. ಬೆಳಿಗ್ಗೆ ಎದ್ದರೆ ಎರಡೂ ಕೈ ಬೇರೆ ಯಾರದೋ ಎನ್ನುವ ಹಾಗೆ ಬಿಗಿದುಕೊಂಡಿರುತ್ತಿದ್ದವು. ಬಿಸಿನೀರಿನಲ್ಲಿ ಮುಳುಗಿಸಿ ಕೂತರೆ ನಿಧಾನವಾಗಿ ಬಿಟ್ಟುಕೊಳ್ಳುತ್ತಿದ್ದವು. ಒಂದು ತಿಂಗಳು ಸುಮ್ಮನಿದ್ದು ಇನ್ನೇನು ಹೋಯಿತು ಎನ್ನುವಷ್ಟರಲ್ಲಿ ಮತ್ತೊಂದು ಗೆಣ್ಣು ಉರಿಯತೊಡಗುತ್ತಿತ್ತು. ಉರಿದು ತಣ್ಣಗಾದ ಗೆಣ್ಣು ಮೊದಲಿನ ಹಾಗೆ ನೆಟ್ಟಗೆ ಉಳಿಯುತ್ತಿರಲಿಲ್ಲ.

ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು. ಇಲ್ಲಿ ಯಾವ ಕಾಯಿಲೆ ಹೇಳಿದರೂ ಜನ ಮೊದಲು ಒಂದು ಎಣ್ಣೆ ಹೇಳುತ್ತಾರೆ. ಶೇಂಗಾ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ ಎಂದರು, ಹರಳೆಣ್ಣೆ ಎಂದರು, ಬೇವಿನೆಣ್ಣೆ ಎಂದರು. ಸ್ಟಾಫ್ ರೂಮಿನಲ್ಲಿ ಒಬ್ಬರು ಹುಳಿ ಬಿಡಿ ಎಂದರೆ ಇನ್ನೊಬ್ಬರು ಬದನೆಕಾಯಿ ಬಿಡಿ ಎಂದರು. ಎಲ್ಲವನ್ನೂ ಬಿಟ್ಟೆ, ಗಂಟು ನನ್ನನ್ನು ಬಿಡಲಿಲ್ಲ. ‘ವಯಸ್ಸಾಯ್ತಲ್ಲ ಮೇಡಂ’ ಎಂದು ನನಗಿಂತ ಎರಡು ವರ್ಷ ದೊಡ್ಡವರು ಹೇಳಿದಾಗ ಮಾತ್ರ ಮೈ ಉರಿಯಿತು. ಜೀವಕ್ಕೆ ಅಪಾಯವಿಲ್ಲದ ಕಾಯಿಲೆಗೆ ಯಾರೂ ಮರ್ಯಾದೆ ಕೊಡುವುದಿಲ್ಲ. ಕೈ ಮುರಿದುಕೊಂಡಿದ್ದರೆ ಹಣ್ಣು ಹಿಡಿದು ನೋಡಲು ಬರುತ್ತಿದ್ದರು.

ಊರಿನ ಡಾಕ್ಟರು ಯೂರಿಕ್ ಆಸಿಡ್ ನೋಡಿಸಿದರು, ಸರಿಯಾಗಿತ್ತು. ಸಂಧಿವಾತ ಇರಬಹುದು ಎಂದು ರಕ್ತ ಪರೀಕ್ಷೆ ಮಾಡಿಸಿದರು, ಅದೂ ಅಲ್ಲವೆಂದು ಬಂತು. ಎಲ್ಲ ಸರಿಯಾಗಿದೆ ಎಂದು ಕಾಗದ ಹೇಳುತ್ತಿತ್ತು, ಆ ಕಾಗದವನ್ನು ಮಡಚಲು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆ ಹುಣ್ಣಾಯಿತು, ಹೊಟ್ಟೆಗೆ ಇನ್ನೊಂದು ಮಾತ್ರೆ. ಕೊನೆಗೆ ಗಂಡ ದಾವಣಗೆರೆಗೆ ಕರೆದುಕೊಂಡು ಹೋದರು, ಕೀಲಿನ ಕಾಯಿಲೆ ನೋಡುವ ಡಾಕ್ಟರ ಹತ್ತಿರ.

ಆಕೆ ನನ್ನ ಎರಡೂ ಕೈಗಳ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಪೆನ್ನಿನಿಂದ ತೋರಿಸಿದರು. ಗೆಣ್ಣಿನಲ್ಲಿ ಎಲುಬು ನಡುವೆ ಕುಸಿದು ಎರಡೂ ಅಂಚುಗಳಲ್ಲಿ ಮೇಲೆದ್ದಿತ್ತು, ಮಕ್ಕಳು ಚಿತ್ರದಲ್ಲಿ ದೂರದ ಹಕ್ಕಿಯನ್ನು ಗೆರೆಯೆಳೆದು ಬರೆಯುತ್ತಾರಲ್ಲ, ಹಾಗೆ. ‘ಇದು ಸವೆತ. ಆದ್ರೆ ಎಲ್ಲರಿಗೂ ಬರೋ ಮಾಮೂಲಿ ಸವೆತ ಅಲ್ಲ, ಎಲುಬನ್ನೇ ಕೊರೆಯೋ ಜಾತಿ. ಹೆಂಗಸರಿಗೇ ಹೆಚ್ಚು, ಮುಟ್ಟು ನಿಲ್ಲೋ ಕಾಲದಲ್ಲಿ ಶುರುವಾಗುತ್ತೆ. ನಿಮ್ಮ ತಾಯಿಗೆ ಇತ್ತಾ?’ ಎಂದು ಕೇಳಿದರು.

‘ಇದೆ. ಆದರೆ ಅವರಿಗೆ ನೂಲಿನ ಕೆಲಸದಿಂದ ಬಂದಿದ್ದು’ ಎಂದೆ.

‘ನೀವು ನೂಲಿನ ಕೆಲಸ ಮಾಡಿದೀರಾ?’

‘ಇಲ್ಲ.’

‘ಅವರ ತಾಯಿಗೆ?’

‘ಇತ್ತು’ ಎಂದೆ. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಕೆಲಸದಿಂದ ನೋವು ಹೆಚ್ಚಾಗಬಹುದು, ಆದರೆ ಮೂರು ತಲೆಮಾರಿಗೆ ಬಂದಿದೆ ಎಂದರೆ ಇದು ಮನೆತನದಲ್ಲೇ ಇರುವಂಥದ್ದು ಎಂದರು. ವಾಸಿಯಾಗುವ ಔಷಧಿ ಇಲ್ಲ, ನೋವು ತಡೆಯಬಹುದು, ಬೆರಳಿಗೆ ಪಟ್ಟಿ ಹಾಕಬಹುದು, ಬಿಸಿ ಮೇಣದಲ್ಲಿ ಅದ್ದಬಹುದು. ನನಗೆ ಆ ಕ್ಷಣ ಬೆರಳಿನ ಯೋಚನೆ ಬರಲಿಲ್ಲ. ಮೂವತ್ತು ವರ್ಷದಿಂದ ಎಳೆ ಕೂಡಿಸುತ್ತಿರುವ ತಮ್ಮನ ಹೆಂಡತಿಯ ಕೈ ಕಣ್ಣ ಮುಂದೆ ಬಂತು. ಅವಳ ಬೆರಳುಗಳು ನೆಟ್ಟಗಿವೆ. ನಾವೆಲ್ಲ ನೋಡುತ್ತಲೇ ಇದ್ದೆವು, ಅದರ ಅರ್ಥ ಯಾರಿಗೂ ಹೊಳೆದಿರಲಿಲ್ಲ. ಒಮ್ಮೆ ಯಾರೋ ಕೇಳಿದ್ದಕ್ಕೆ ಅವ್ವ ‘ಅವಳದು ರಾಯದುರ್ಗದ ಎಲುಬು, ಕಲ್ಲು’ ಎಂದು ನಕ್ಕಿದ್ದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಗಂಡನಿಗೆ ಹೇಳಿದೆ, ‘ಅವ್ವನಿಗೆ ಇದು ಗೊತ್ತಾಗಬಾರದು. ನನ್ನನ್ನ ಮಗ್ಗದ ಕೋಣೆಯಿಂದ ಆಚೆ ಇಡೋಕೆ ತಾನು ಎರಡು ಪಟ್ಟು ದುಡಿದೋಳು. ಅದೆಲ್ಲ ದಂಡ ಆಯ್ತು ಅಂತ ಈ ವಯಸ್ಸಲ್ಲಿ ಹೆಂಗೆ ಹೇಳಲಿ?’ ಅವರು ಹೂಂ ಎಂದರು. ಆಮೇಲೆ ನನ್ನ ಚೀಲ ತಾವೇ ಹಿಡಿದುಕೊಂಡರು.

ದಿನಗಳು ಸಣ್ಣ ಸಣ್ಣ ಅವಮಾನಗಳಾದವು. ಹಾಲಿನ ಪ್ಯಾಕೆಟ್ಟು ಹಲ್ಲಿನಿಂದ ಕಚ್ಚಿ ತೆಗೆಯುವುದು. ಒದ್ದೆ ಬಟ್ಟೆ ಹಿಂಡಲಾಗದೆ ನೀರು ಸೋರುವ ಹಾಗೇ ಹರವುವುದು. ಕುಪ್ಪಸದ ಹುಕ್ಕು ಹಾಕಲು ಗಂಡನನ್ನು ಕರೆಯುವುದು. ವಿದ್ಯುತ್ ಇಲಾಖೆಯಲ್ಲಿ ತಂತಿ ಬಿಗಿದ ಮನುಷ್ಯ, ಹುಕ್ಕನ್ನೂ ಹಾಗೇ ಬಿಗಿಯುತ್ತಾರೆ. ಮದುವೆಯ ಉಂಗುರವನ್ನು ಅಕ್ಕಸಾಲಿಗ ಕತ್ತರಿಸಿ ತೆಗೆದ. ಮುದ್ದೆ ಕೋಲು ಹಿಡಿದು ತಿರುವಲು ನನ್ನ ಕೈಯಲ್ಲಿ ಆಗದೆ ಅವರೇ ತಿರುವತೊಡಗಿದರು. ಬೆರಳಲ್ಲಿ ಗಂಟಿದ್ದದ್ದು ಸಾಲದೆ ಮುದ್ದೆಯಲ್ಲೂ ಗಂಟು. ನಾನು ರೇಗಿದೆ, ಅವರು ಮುಖ ಊದಿಸಿಕೊಂಡು ಉಂಡರು. ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆಯುವಾಗ ಸೀಮೆಸುಣ್ಣ ಕೈಯಿಂದ ಜಾರಿ ಬೀಳುತ್ತಿತ್ತು. ಮೊದಲು ಮಕ್ಕಳು ನಕ್ಕರು. ಆಮೇಲೆ ನಗುವುದನ್ನು ಬಿಟ್ಟರು, ಅದು ಇನ್ನೂ ಕಷ್ಟವಾಯಿತು. ಒಂದು ಕಾಲಕ್ಕೆ ನನ್ನ ಅಕ್ಷರ ನೋಡಿ ಕಲಿಯಿರಿ ಎನ್ನುತ್ತಿದ್ದೆ, ಈಗ ಪುಸ್ತಕ ನೋಡಿ ಬರೆದುಕೊಳ್ಳಿ ಎನ್ನುತ್ತೇನೆ.

ಅವ್ವನ ಮುಂದೆ ಬೇರೆಯೇ ನಾಟಕ. ಅವಳಿಗೆ ನಾನು ತಲೆ ಬಾಚಿ ಜಡೆ ಹಾಕುವುದೆಂದರೆ ಇಷ್ಟ, ಸೊಸೆ ಹಾಕಿದರೆ ಬಿಗಿಯಾಗುವುದಿಲ್ಲ ಎನ್ನುತ್ತಾಳೆ. ‘ಭುಜ ಹಿಡ್ಕೊಂಡೈತೆ ಅವ್ವಾ’ ಎಂದೆ ಒಂದು ಸಲ. ‘ಪೇಪರ್ ತಿದ್ದೋದೈತೆ’ ಎಂದೆ ಇನ್ನೊಂದು ಸಲ. ಕೈ ಚಾಚಿ ನನ್ನನ್ನು ಹುಡುಕಿದರೆ ಪಕ್ಕಕ್ಕೆ ಸರಿಯುತ್ತಿದ್ದೆ. ಬಂದವರಿಗೆ ಕೈ ತೋರಿಸಬೇಕು ಬಾ ಎಂದು ಕರೆದರೆ ಅಡುಗೆಮನೆಯಿಂದ ಬರುತ್ತಲೇ ಇರಲಿಲ್ಲ. ಬರಬರುತ್ತಾ ಊರಿಗೆ ಹೋಗುವುದನ್ನೇ ಕಮ್ಮಿ ಮಾಡಿದೆ. ತಮ್ಮನ ಹೆಂಡತಿಗೆ ಮಾತ್ರ ಎಲ್ಲ ಗೊತ್ತಿತ್ತು. ನೀರಿನ ಚೊಂಬು ನನ್ನ ಕೈಯಿಂದ ಬಿದ್ದ ದಿನವೇ ನೋಡಿದ್ದಳು, ಏನೂ ಅನ್ನದೆ ನೆಲ ಒರೆಸಿದ್ದಳು.

ಹೋದ ಯುಗಾದಿಗೆ ಎರಡು ದಿನ ಮುಂಚೆ ಅವಳೇ ಫೋನ್ ಮಾಡಿದಳು. ‘ವದಿನಾ, ಅತ್ತೆ ಸರಿಯಾಗಿ ಉಣ್ತಿಲ್ಲ. ಮಗಳು ದೊಡ್ಡ ಮನುಷ್ಯಳಾದ್ಲು, ನನ್ನ ಮುಟ್ಟಕ್ಕೂ ಹೇಸ್ತಾಳೆ ಅಂತ ಅಂದುಕೊಂಡು ಕೂತಾರೆ. ಹಬ್ಬಕ್ಕೆ ಬರ್ರಿ.’ ಮುಚ್ಚಿಟ್ಟಿದ್ದು ಅವ್ವನಿಗೆ ನೋವಾಗಬಾರದೆಂದು. ಆ ಮುಚ್ಚಿಟ್ಟಿದ್ದೇ ಅವಳನ್ನು ತಿನ್ನುತ್ತಿತ್ತು. ಹೊರಟೆ.

ಯುಗಾದಿಯ ಬೆಳಿಗ್ಗೆ ನಮ್ಮಲ್ಲಿ ಮನೆಯ ಹಿರಿಯಳು ಎಲ್ಲರಿಗೂ ಎಣ್ಣೆ ಹಚ್ಚುತ್ತಾಳೆ. ತವರಿಗೆ ಬಂದ ಹೆಣ್ಣುಮಕ್ಕಳಿಗೆ ನೆತ್ತಿಗಷ್ಟೇ ಅಲ್ಲ, ಅಂಗೈಗೂ ಎಣ್ಣೆ ಸುರಿದು ಬೆರಳ ತುದಿವರೆಗೆ ತಿಕ್ಕುವುದು ಅವ್ವನ ರೂಢಿ. ಇದನ್ನು ತಪ್ಪಿಸಿಕೊಳ್ಳಲೆಂದೇ ಕೆಲವು ವರ್ಷದಿಂದ ಹಬ್ಬಕ್ಕೆ ಹೋಗಿರಲಿಲ್ಲ. ಅವತ್ತು ಎಣ್ಣೆ ಬಟ್ಟಲು ಹಿಡಿದು ಕೂತವಳು ಕರೆದಾಗ ‘ನಾನು ಹಚ್ಕೊಂಡೆ ಅವ್ವಾ, ನೀನ್ಯಾಕೆ ಕಷ್ಟಪಡ್ತೀಯಾ’ ಎಂದೆ.

‘ಹಬ್ಬದ ದಿನ ತವರಲ್ಲಿ ಎಣ್ಣೆ ಹಚ್ಚಿಸ್ಕೊಳ್ದೆ ಹೋಗ್ತೀಯಾ? ಅಷ್ಟು ಬ್ಯಾಡಾದ್ನಾ ನಾನು?’ ಎಂದಳು.

ಮಣೆಯ ಮೇಲೆ ಕೂತೆ. ನೆತ್ತಿಗೆ ಎಣ್ಣೆ ಹಾಕಿ ತಟ್ಟಿದಳು. ಅವಳ ಬೆರಳುಗಳು ಈಗ ಅಜ್ಜಿಯ ಬೆರಳುಗಳೇ. ಒಂದೂ ಮಡಚುವುದಿಲ್ಲ, ಅಂಗೈಯಿಂದಲೇ ಎಲ್ಲ ಕೆಲಸ. ‘ಕೈ ಕೊಡು ತಲ್ಲೀ’ ಎಂದಳು, ತಾಯೀ ಎನ್ನುವ ಹಾಗೆ. ನಮ್ಮದು ಗಡಿಯ ಊರು, ನನ್ನ ಮೇಲೆ ಅಕ್ಕರೆ ಉಕ್ಕಿದಾಗ ಅವಳ ಬಾಯಲ್ಲಿ ತೆಲುಗು ಬರುತ್ತದೆ, ಸಿಟ್ಟು ಬಂದಾಗಲೂ. ಸ್ವಲ್ಪ ಕಮ್ಮಿ ಕೆಟ್ಟಿದ್ದ ಎಡಗೈ ಕೊಟ್ಟೆ. ಅವಳ ಅಂಗೈ ಎಣ್ಣೆಯಲ್ಲಿ ಜಾರುತ್ತಾ ಬಂದು ನನ್ನ ತೋರುಬೆರಳಿನ ನಡುಗೆಣ್ಣಿನ ಹತ್ತಿರ ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಬಂತು. ಒಂದೊಂದೇ ಬೆರಳು ಮುಟ್ಟಿ ನೋಡಿದಳು. ‘ಇನ್ನೊಂದು ಕೈ’ ಎಂದಳು. ಅದನ್ನೂ ನೋಡಿದಳು. ಹೊರಗೆ ಯಾರದೋ ಮನೆಯಲ್ಲಿ ಟಿವಿ ಕೂಗುತ್ತಿತ್ತು.

‘ಯಾವಾಗ ಕಲ್ತೆ?’ ಎಂದಳು ಅವ್ವ.

ನನಗೆ ಅರ್ಥವಾಗಲಿಲ್ಲ. ‘ಏನನ್ನ ಅವ್ವಾ?’

‘ಎಳೆ ಕೂಡಿಸೋದನ್ನ. ನನ್ನ ಕಣ್ಣು ತಪ್ಪಿಸಿ ಯಾವಾಗ ಕಲ್ತೆ? ಯಾರು ಕಲಿಸಿದ್ರು?’

ಇಷ್ಟು ವರ್ಷ ನಾನು ಏನೇನೋ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ, ಆದರೆ ಈ ಪ್ರಶ್ನೆಗಲ್ಲ. ಮಗಳ ಬೆರಳು ಸೊಟ್ಟಗಾಗಿದ್ದರೆ ಮಗಳು ಕದ್ದು ನೂಲು ಮುಟ್ಟಿರಲೇಬೇಕು, ಅವ್ವನಿಗೆ ಬೇರೆ ದಾರಿಯೇ ಹೊಳೆಯಲಿಲ್ಲ. ತಪ್ಪನ್ನು ನನ್ನ ತಲೆಗೆ ಹಾಕಿಕೊಂಡರೆ ಅವಳ ಲೆಕ್ಕ ಸುಳ್ಳಾಗದೆ ಉಳಿಯುತ್ತದೆ. ‘ಹೈಸ್ಕೂಲಿನಲ್ಲಿದ್ದಾಗ. ನೀನು ಬ್ಯಾರೆಯವರ ಮನೆಗೆ ಕೂಡಿಸೋಕೆ ಹೋಗಿರ್ತಿದ್ದೆಲ್ಲಾ, ಆಗ ಅಜ್ಜಿ ಹತ್ರ ಕಲ್ತೆ. ಆಮೇಲೂ ಬಂದಾಗೆಲ್ಲಾ ಕೂಡಿಸ್ತಿದ್ದೆ’ ಎಂದೆ. ಸತ್ತವಳ ಮೇಲೆ ಹೇಳಿದರೆ ಕೇಳುವವರಿಲ್ಲ.

ಅವ್ವ ನನ್ನ ಕೈಯನ್ನು ಒದರಿಬಿಟ್ಟಳು. ತೆಲುಗಿನಲ್ಲೂ ಕನ್ನಡದಲ್ಲೂ ಬೈದಳು. ‘ಅಷ್ಟು ಬಡ್ಕೊಂಡ್ನಲ್ಲೇ! ಕದ್ದು ಮಾಡಾಕೆ ನಿನಗೆ ಅದೊಂದೇ ಸಿಕ್ತಾ?’ ನಾನು ತಲೆ ತಗ್ಗಿಸಿ ಬೈಸಿಕೊಂಡೆ. ನಿಜ ಹೇಳುತ್ತೇನೆ, ಹಗುರಾಯಿತು. ಬೇವು ಬೆಲ್ಲ ತಿಂದೆವು, ಹೋಳಿಗೆ ಉಂಡೆವು, ಅವ್ವ ಮಾತಾಡಲಿಲ್ಲ. ಬೈದರೆ ಬೈಯಲಿ, ದಂಡವಾಯಿತು ಎಂದು ಅಳುವುದಕ್ಕಿಂತ ವಾಸಿ ಎಂದುಕೊಂಡೆ.

ಊಟವಾದ ಮೇಲೆ ತಮ್ಮ ಮಲಗಿದ್ದ. ಅವ್ವ ಸೊಸೆಯನ್ನು ಕರೆದು ‘ಎರಡು ಎಳೆ ರೇಷ್ಮೆ ತಗಂಬಾ. ಬಟ್ಲೂ ತಗಂಬಾ’ ಎಂದಳು. ಹಬ್ಬಕ್ಕೆ ಮಗ್ಗ ನಿಂತಿತ್ತು. ತಮ್ಮನ ಹೆಂಡತಿ ಒಳಗಿಂದ ಎರಡು ತುಂಡು ಎಳೆಗಳನ್ನೂ ಆ ಕಂಚಿನ ಬಟ್ಟಲನ್ನೂ ತಂದು ನಡುವೆ ಇಟ್ಟು, ಬಾಗಿಲ ಹತ್ತಿರ ನಿಂತಳು.

‘ಕೂಡಿಸು, ನೋಡೋಣ’ ಎಂದಳು ಅವ್ವ. ನನ್ನ ಕೈಯ ಮೇಲೆ ತನ್ನ ಅಂಗೈ ಇಟ್ಟಳು.

ಏಳೆಂಟು ವರ್ಷದವಳಿದ್ದಾಗ ಮುಟ್ಟಲು ಹೋಗಿ ಏಟು ತಿಂದಿದ್ದ ಬಟ್ಟಲಿಗೆ ಮೊದಲ ಸಲ ಬೆರಳು ಹಾಕಿದೆ. ಬೂದಿ ತಣ್ಣಗೆ, ಮೆತ್ತಗೆ ಇತ್ತು. ಎರಡು ತುದಿಗಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿಯಲು ನೋಡಿದೆ. ತೋರುಬೆರಳಿನ ತುದಿ ಪಕ್ಕಕ್ಕೆ ತಿರುಗಿದೆ, ಹೆಬ್ಬೆರಳಿಗೆ ಅದು ಸಿಗಲೇ ಇಲ್ಲ. ಒತ್ತಿದರೆ ಮಣಿಕಟ್ಟಿನವರೆಗೆ ಉರಿ. ಹೇಗೋ ಹಿಡಿದು ಹೊಸೆದೆ. ತಮ್ಮನ ಹೆಂಡತಿ ಬಂದು ಎರಡು ಕಡೆಯಿಂದ ಎಳೆದು ನೋಡಿದಳು. ‘ಬಿಡ್ತು’ ಎಂದಳು, ಸಣ್ಣ ದನಿಯಲ್ಲಿ. ಇನ್ನೊಮ್ಮೆ ಹೊಸೆದೆ. ಅದೂ ಬಿಟ್ಟಿತು. ಬೆವರು ಕಣ್ಣಿಗಿಳಿದು ಎಳೆ ಕಾಣಲೇ ಇಲ್ಲ.

‘ಸಾಕು’ ಎಂದಳು ಅವ್ವ. ‘ಯಾವ ಕಡೆಗೆ ಹೊಸೀಬೇಕು ಅಂತಾನೇ ನಿನಗೆ ಗೊತ್ತಿಲ್ಲ. ಅಜ್ಜಿ ಹತ್ರ ಕಲ್ತೋಳು ಹಿಂಗೆ ಹೊಸೆಯಲ್ಲ. ನೀನು ನೂಲು ಮುಟ್ಟೇ ಇಲ್ಲ. ನಿಜ ಹೇಳು.’

ಹೇಳಿದೆ. ದಾವಣಗೆರೆಯ ಡಾಕ್ಟರು ಹೇಳಿದ್ದು, ಎಕ್ಸ್‌ರೇಯಲ್ಲಿ ಕಂಡದ್ದು, ಮುಟ್ಟು ನಿಂತ ಮೇಲೆ ಬರುವುದು, ತಾಯಿಯಿಂದ ಮಗಳಿಗೆ ಇಳಿಯುವುದು. ಟೀಚರ್ ದನಿಯಲ್ಲಿ ಶುರು ಮಾಡಿದೆ, ಕೊನೆಗೆ ಬರುವಷ್ಟರಲ್ಲಿ ಅಳುತ್ತಿದ್ದೆ. ಅವ್ವ ಕೇಳುತ್ತಾ ಕೂತಿದ್ದಳು. ಆಮೇಲೆ ಸೊಸೆಯ ಕಡೆ ಕೈ ಚಾಚಿ ‘ಬಾ ಇಲ್ಲಿ, ನಿನ್ನ ಕೈ ಕೊಡು’ ಎಂದಳು.

ಅವಳು ಬಂದು ಕೂತು ಕೈ ಕೊಟ್ಟಳು. ಅವ್ವ ತನ್ನ ಮಡಚದ ಬೆರಳುಗಳಿಂದ ಆ ಬೆರಳುಗಳನ್ನು ಬುಡದಿಂದ ತುದಿವರೆಗೆ, ಒಂದೊಂದಾಗಿ, ನಿಧಾನವಾಗಿ ಮುಟ್ಟಿ ನೋಡಿದಳು. ಬೂದಿ ತಾಗಿ ತಾಗಿ ಒರಟಾದ ತುದಿಗಳು. ಎಲ್ಲ ನೆಟ್ಟಗಿದ್ದವು.

ತಮ್ಮನ ಹೆಂಡತಿ ಕೈ ಎಳೆದುಕೊಳ್ಳದೆಯೇ ಕೇಳಿದಳು, ‘ಅತ್ತೆ, ನೂಲು ಬೆರಳು ತಿಂತೈತೆ ಅಂತ ಗೊತ್ತಿದ್ದೇ ಅಲ್ವೇನ್ರಿ ನನಗೆ ಕಲಿಸಿದ್ದು?’ ಸಿಟ್ಟಿರಲಿಲ್ಲ. ಅಷ್ಟು ವರ್ಷ ಇಟ್ಟುಕೊಂಡ ಮಾತಿನಲ್ಲಿ ಸಿಟ್ಟು ಉಳಿದಿರುವುದಿಲ್ಲವೇನೋ.

ಅವ್ವ ‘ಹೂಂ’ ಎಂದಳು. ಅವಳ ಕೈ ಬಿಟ್ಟು ನನ್ನ ಕೈ ಹುಡುಕಿ ಹಿಡಿದಳು. ನನ್ನ ಕೈಯಲ್ಲಿ ಇನ್ನೂ ಬೂದಿಯಿತ್ತು.

‘ಹಂಗಾದ್ರೆ ಇದು ನೂಲು ಕೊಟ್ಟಿದ್ದಲ್ಲ, ನಾನು ಕೊಟ್ಟಿದ್ದು’ ಎಂದಳು.

‘ಹಂಗೆಲ್ಲಾ ಅನ್ಬ್ಯಾಡ ಅವ್ವಾ. ಅಜ್ಜಿ ನಿನಗೆ ಬೇಕಂತ ಕೊಟ್ಲಾ?’

‘ನೋವು ಐತಾ?’

‘ಐತೆ.’

‘ಹೋಗ್ತೈತೆ. ನೋವು ಹೋಗ್ತೈತೆ. ಆದ್ರೆ ಅದು ಹೋಗೋ ಹೊತ್ತಿಗೆ ಬೆರಳೂ ಹೋಗಿರ್ತಾವೆ. ನಂದು ಈಗ ನೋಯಲ್ಲ.’ ಮೂರು ಜನರ ನಡುವೆ ಆ ಬಟ್ಟಲಿತ್ತು. ‘ಹಿಂಗಂತ ಗೊತ್ತಿದ್ರೆ ಕಲಿಸ್ತಿದ್ನಲ್ಲೇ ನಿನಗೆ. ನ್ಯಾಯವಾಗಿ ನಿನಗೆ ಬರಬೇಕಾಗಿತ್ತು ಅದು’ ಎಂದಳು.

ಆ ಮಾತು ಕೇಳಬೇಕೆಂದು ಚಿಕ್ಕಂದಿನಿಂದ ಆಸೆಪಟ್ಟಿದ್ದೆ. ಕೇಳಿದಾಗ ಏನೂ ಅನ್ನಿಸಲಿಲ್ಲ, ದಣಿವಾಗಿತ್ತು. ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ಚಿತ್ರದುರ್ಗದಲ್ಲಿ ಬಿ.ಎಡ್. ಓದುತ್ತಿರುವ ನನ್ನ ಮಗಳು, ಪರೀಕ್ಷೆ ಇದೆಯೆಂದು ಹಬ್ಬಕ್ಕೆ ಬಂದಿರಲಿಲ್ಲ. ಅಜ್ಜಿಗೆ ಕೊಡು ಎಂದಳು. ಅವ್ವನ ಕಿವಿಗೆ ಹಿಡಿದೆ. ಅವ್ವ ಅವಳಿಗೆ ಒಳ್ಳೇದಾಗಲಿ ಎಂದಳು, ಹೋಳಿಗೆ ಕಳಿಸುತ್ತೇನೆ ಎಂದಳು, ಇನ್ನೇನೂ ಹೇಳಲಿಲ್ಲ. ಫೋನ್ ಇಟ್ಟ ಮೇಲೆ ನನ್ನ ಕಡೆ ಮುಖ ತಿರುಗಿಸಿದಳು.

‘ಆಕೆ ಬೆರಳು ಹೆಂಗದಾವೆ?’

‘ನೆಟ್ಟಗದಾವೆ ಅವ್ವಾ. ಚೆನ್ನಾಗದಾವೆ.’

‘ಈಗ’ ಎಂದಳು ಅವ್ವ.

ಬಟ್ಟಲನ್ನು ಮಗ್ಗದ ಹತ್ತಿರ ಇಟ್ಟು ಬರೋಣವೆಂದು ಎದ್ದೆ. ಅಂಗೈಯಗಲದ ಬಟ್ಟಲು, ಅದನ್ನೆತ್ತಲು ನನಗೆ ಎರಡೂ ಕೈ ಬೇಕಾದವು.